ಒಂದು ಹಿತ್ತಾಳೆ ಬಿಲ್ಲೆಯ ಕಥೆ: ಬಿಯಾಟ್ರಿಸ್ ಶಿಲ್ಲಿಂಗ್

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಗೆಳೆಯನ ಮಾವನ ಹಳೇ ಟರ್ಬೊ ಡೀಸೆಲ್ ಜೀಪಿನಲ್ಲಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಅರ್ಧ ದಾರಿಗೆ ಬರೋ ಹೊತ್ತಿಗೆ ಗಾಡಿಗೆ ಎಳೆತವೇ ಇಲ್ಲ. ಎಂಜಿನ್ ಓಡ್ತಾ ಇದೆ, ಟರ್ಬೊ ಸಿಳ್ಳೆ ಕೇಳಿಸ್ತಾ ಇದೆ, ಹೊಗೆ ಇಲ್ಲ, ಎಂಜಿನ್ ಬಿಸಿಯೂ ಆಗಿಲ್ಲ. ಆದ್ರೆ ಸೆಕೆಂಡ್ ಗೇರ್ ಬಿಟ್ಟರೆ ಜೀಪು ನಿಂತೇ ಬಿಡುತ್ತೆ. ಹಾಗೂ ಹೀಗೂ ಕೊಟ್ಟಿಗೆಹಾರದವರೆಗೆ ತೆವಳಿಸಿಕೊಂಡು ಹೋದೆವು. ಅಲ್ಲಿನ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ, ಎರಡು ನಿಮಿಷ ನೋಡಿ, ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಫ್ಯೂಯಲ್ ಪಂಪಿನ ತಲೆ ಮೇಲಿರೋ ದುಂಡನೆ ಡಬ್ಬಿಗೆ ಹೋಗುವ ಪೆನ್ಸಿಲ್ ಗಾತ್ರದ ಒಂದು ಪೈಪನ್ನು ತೋರಿಸಿದರು. ಅದು ಸೀಳಿಹೋಗಿತ್ತು.

ಅದೇ ಬೂಸ್ಟ್ ಲೈನ್. ಆ ಪೈಪಿನಲ್ಲಿ ಡೀಸೆಲ್ ಹರಿಯೋದೇ ಇಲ್ಲ. ಟರ್ಬೊ ಮ್ಯಾನಿಫೋಲ್ಡಿಗೆ ಎಷ್ಟು ಒತ್ತಡದಲ್ಲಿ ಗಾಳಿ ತುಂಬುತ್ತಿದೆ ಅನ್ನೋ ಸುದ್ದಿಯನ್ನು ಪಂಪಿಗೆ ಮುಟ್ಟಿಸೋದಷ್ಟೇ ಅದರ ಕೆಲಸ. ಪಂಪಿನ ತಲೆಯಲ್ಲಿ ಒಂದು ಡಯಾಫ್ರಮ್, ಅದರ ಕೆಳಗೆ ಒಂದು ಸ್ಪ್ರಿಂಗ್. ಗಾಳಿಯ ಒತ್ತಡ ಡಯಾಫ್ರಮನ್ನು ಒತ್ತಿದರೆ ಮಾತ್ರ ಪಂಪು ಹೆಚ್ಚು ಡೀಸೆಲ್ ಬಿಡುತ್ತೆ. ಪೈಪು ಸೀಳಿದರೆ ಸುದ್ದಿ ಮುಟ್ಟೋದಿಲ್ಲ. ಗಾಳಿ ಬೇಕಾದಷ್ಟು ಬಂದಿದ್ದರೂ ಪಂಪು ಕೈ ಬಿಗಿಹಿಡಿದು ಡೀಸೆಲ್ ಕೊಡುತ್ತೆ. ಘಾಟಿಯಲ್ಲಿ ಜೀಪು ಮೊಂಡು ಹಿಡಿಯೋದು ಅದಕ್ಕೇ.

ಮೆಕ್ಯಾನಿಕ್ ಅಣ್ಣನ ಹತ್ತಿರ ಆ ಪೈಪು ಇರ್ಲಿಲ್ಲ. ಮೂಲೆಯ ರಾಶಿಯಿಂದ ಒಂದು ರಬ್ಬರ್ ಹೋಸ್ ತೆಗೆದರು, ಬೆರಳಲ್ಲಿ ಹಿಸುಕಿ ನೋಡಿ ಪಕ್ಕಕ್ಕೆ ಎಸೆದರು. ತೀರಾ ಮೆತ್ತಗಿತ್ತು, ಎಂಜಿನ್ ಬಿಸಿಗೆ ಇನ್ನೂ ಮೆತ್ತಗಾಗಿ ಉಬ್ಬುತ್ತೆ, ಬಾಗಿದ ಕಡೆ ಮಡಚಿಕೊಳ್ಳುತ್ತೆ. ಒಳಗೆ ನೂಲಿನ ಹೆಣಿಗೆ ಇರುವ ಇನ್ನೊಂದು ಹೋಸ್ ಹುಡುಕಿ, ಅಳತೆಗೆ ಕತ್ತರಿಸಿ, ಊದಿ ನೋಡಿ, ಎರಡು ಕ್ಲಿಪ್ ಹಾಕಿ ಕೂರಿಸಿದರು. ಹತ್ತೇ ನಿಮಿಷ. ಊರು ಮುಟ್ಟಿದ ಮೇಲೆ ಸರಿಯಾದ ಪೈಪ್ ಹಾಕಿಸಿ ಅಂತ ಎರಡು ಸಲ ಹೇಳಿ ಕಳಿಸಿದರು.

ಉಳಿದ ದಾರಿಯುದ್ದಕ್ಕೂ ಜೀಪಿನಲ್ಲಿ ಇದೇ ಚರ್ಚೆ. ನಮ್ಮಲ್ಲಿ ಒಬ್ಬ ಇದನ್ನು ಜುಗಾಡ್ ಅಂದ. ನನಗೆ ಆ ಮಾತು ಅಷ್ಟು ಸರಿ ಕಾಣಲಿಲ್ಲ. ಮೊದಲ ಹೋಸನ್ನು ಎಸೆದದ್ದು ಯಾಕೆ ಅಂತ ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತಲ್ಲ. ಆಗ ನೆನಪಾದವರು ಬಿಯಾಟ್ರಿಸ್ ಶಿಲ್ಲಿಂಗ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಫೈಟರ್ ವಿಮಾನಗಳ ಎಂಜಿನ್ನಿಗೆ ತೂತಿರುವ ಒಂದು ಚಿಕ್ಕ ಹಿತ್ತಾಳೆ ತುಂಡು ಹಾಕಿ ಪೈಲಟ್‌ಗಳ ಜೀವ ಉಳಿಸಿದ ಎಂಜಿನಿಯರ್. ಅವರ ಕಥೆಯಲ್ಲೂ ಇರೋದು ಬೂಸ್ಟ್, ಇಂಧನ, ಮತ್ತು ಸರಿಯಾದ ಭಾಗ ಕೈಗೆ ಸಿಗದ ಹೊತ್ತಿನಲ್ಲಿ ಮಾಡಿದ ಒಂದು ಬದಲಿ ವ್ಯವಸ್ಥೆ.

ಮೆಕಾನೋ, ರಾಯಲ್ ಎನ್‌ಫೀಲ್ಡ್, ಮ್ಯಾಂಚೆಸ್ಟರ್

ಬಿಯಾಟ್ರಿಸ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ವಾಟರ್‌ಲೂವಿಲ್ ಎಂಬಲ್ಲಿ. ಅಪ್ಪನದು ಮಾಂಸದ ಅಂಗಡಿ. ಮನೆಯಲ್ಲಿ ಎಂಜಿನಿಯರ್ ಅಂತ ಯಾರೂ ಇರ್ಲಿಲ್ಲ. ಆದ್ರೆ ಈ ಹುಡುಗಿಗೆ ಗೊಂಬೆಗಿಂತ ಸ್ಕ್ರೂಡ್ರೈವರ್ ಇಷ್ಟ. ಕೈಖರ್ಚಿನ ಕಾಸೆಲ್ಲ ಮೆಕಾನೋ ಸೆಟ್ಟಿಗೆ ಸುರಿಯುತ್ತಿದ್ದಳು. ತೂತುಗಳಿರುವ ಲೋಹದ ಪಟ್ಟಿ, ನಟ್ಟು, ಬೋಲ್ಟು ಜೋಡಿಸಿ ಯಂತ್ರದ ಮಾದರಿ ಕಟ್ಟುವ ಆಟಿಕೆ ಅದು. 14ನೇ ವಯಸ್ಸಿಗೆ ಸ್ವಂತಕ್ಕೆ ಒಂದು ಮೋಟರ್‌ಬೈಕ್ ಕೊಂಡಳು. ಯಾವುದು ಅಂದುಕೊಂಡಿರಿ? ರಾಯಲ್ ಎನ್‌ಫೀಲ್ಡ್, ಟೂ ಸ್ಟ್ರೋಕ್! ನಮ್ಮ ಹಾಸ್ಟೆಲ್ ಪಾರ್ಕಿಂಗಿನಲ್ಲಿ ಸಾಲಾಗಿ ನಿಂತಿರುವ ಬುಲೆಟ್‌ಗಳ ಪೂರ್ವಿಕರ ಪೈಕಿ ಒಂದು. ಬರೀ ಓಡಿಸೋದಲ್ಲ, ಬಿಚ್ಚಿ, ತೊಳೆದು, ಮತ್ತೆ ಜೋಡಿಸೋದರಲ್ಲೇ ಅವಳ ಕಾಲ ಹೋಗುತ್ತಿತ್ತು.

ಶಾಲೆ ಮುಗಿದ ಮೇಲೆ ಎಂಜಿನಿಯರ್ ಆಗ್ತೀನಿ ಅಂತ ಪಟ್ಟು ಹಿಡಿದಳು. 1920ರ ದಶಕದಲ್ಲಿ ಒಬ್ಬ ಹುಡುಗಿಗೆ ಅದು ಅಷ್ಟು ಸುಲಭದ ಮಾತಾಗಿರ್ಲಿಲ್ಲ. ಅದೃಷ್ಟಕ್ಕೆ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಮಹಿಳೆ ಸಿಕ್ಕರು. ಅವರು ಸ್ವತಃ ಎಲೆಕ್ಟ್ರಿಕಲ್ ಎಂಜಿನಿಯರ್. ಡೆವನ್ ಪ್ರಾಂತ್ಯದ ಹಳ್ಳಿಗಳಿಗೆ ವಿದ್ಯುತ್ ಕೊಡುವ ಕಾಂಟ್ರಾಕ್ಟ್ ಮಾಡುತ್ತಿದ್ದರು. ಅವರ ಕೈಕೆಳಗೆ ಬಿಯಾಟ್ರಿಸ್ ಮೂರು ವರ್ಷ ವೈರಿಂಗ್ ಎಳೆದರು, ಜನರೇಟರ್ ಕೂರಿಸಿದರು. ಡಿಗ್ರಿ ಮಾಡು ಅಂತ ಬೆನ್ನುಹತ್ತಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಕಳಿಸಿದವರೂ ಪಾರ್ಟ್ರಿಜ್ ಅವರೇ. ಎಂಜಿನಿಯರಿಂಗ್ ತರಗತಿಯಲ್ಲಿ ಆಗ ಹುಡುಗಿಯರನ್ನು ಎಣಿಸೋಕೆ ಒಂದು ಕೈಬೆರಳು ಕೂಡ ಹೆಚ್ಚು. ನಮ್ಮ ಮೆಕ್ಯಾನಿಕಲ್ ಸೆಕ್ಷನ್‌ನ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1932ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಅದರ ಮರುವರ್ಷ ಮೆಕ್ಯಾನಿಕಲ್‌ನಲ್ಲಿ ಸ್ನಾತಕೋತ್ತರ ಪದವಿ. ಅದು ಜಗತ್ತಿಗೇ ಆರ್ಥಿಕ ಮುಗ್ಗಟ್ಟಿನ ಕಾಲ, ಕೆಲಸಗಳಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿಸರ್ಚ್ ಅಸಿಸ್ಟೆಂಟ್ ಆಗಿ ಸೇರಿಕೊಂಡರು. ವಿಷಯ ಏನು ಗೊತ್ತಾ? ಸೂಪರ್‌ಚಾರ್ಜ್ ಮಾಡಿದ ಸಿಂಗಲ್ ಸಿಲಿಂಡರ್ ಎಂಜಿನ್. ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡದಲ್ಲಿ ಸಿಲಿಂಡರಿಗೆ ಗಾಳಿ ತುಂಬಿದರೆ ಏನೇನಾಗುತ್ತೆ ಅನ್ನೋದನ್ನು ಅಲ್ಲಿ ಅವರು ಕೈಯಾರೆ ಕಲಿತರು. ಏಳೆಂಟು ವರ್ಷದ ನಂತರ ಇದೇ ವಿದ್ಯೆ ಕೆಲಸಕ್ಕೆ ಬಂತು.

ಬ್ರೂಕ್‌ಲ್ಯಾಂಡ್ಸ್‌ನ ಗೋಲ್ಡ್ ಸ್ಟಾರ್

ಬೈಕಿನ ಹುಚ್ಚು ಮಾತ್ರ ಬಿಟ್ಟಿರ್ಲಿಲ್ಲ. ಲಂಡನ್ನಿಗೆ ಹತ್ತಿರದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಂಚುಗಳು ಬಟ್ಟಲಿನ ಹಾಗೆ ಮೇಲಕ್ಕೆ ಬಾಗಿದ ಕಾಂಕ್ರೀಟ್ ರೇಸ್ ಟ್ರ್ಯಾಕ್ ಇತ್ತು. ರೇಸಿನಲ್ಲಿ ಗಂಟೆಗೆ 100 ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಒಂದು ಸುತ್ತು ಪೂರೈಸಿದವರಿಗೆ ಅಲ್ಲಿ ಗೋಲ್ಡ್ ಸ್ಟಾರ್ ಬ್ಯಾಡ್ಜ್ ಕೊಡುತ್ತಿದ್ದರು. ಬಿಯಾಟ್ರಿಸ್ ತಮ್ಮ ನಾರ್ಟನ್ ಎಂ30 ಬೈಕಿನಲ್ಲಿ 1934ರಲ್ಲಿ 106 ಮೈಲಿ ವೇಗದಲ್ಲಿ ಸುತ್ತು ಮುಗಿಸಿದರು. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 171 ಕಿಲೋಮೀಟರ್, ಅದೂ ಸರಿಯಾದ ಸಸ್ಪೆನ್ಷನ್ ಇಲ್ಲದ ಕಾಲದ ಬೈಕಿನಲ್ಲಿ, ಜಾಯಿಂಟು ಜಾಯಿಂಟಿಗೂ ಕುಲುಕುವ ಕಾಂಕ್ರೀಟಿನ ಮೇಲೆ. ಆ ಬೈಕನ್ನು ಟ್ಯೂನ್ ಮಾಡಿಕೊಳ್ಳುತ್ತಿದ್ದವರೂ ಅವರೇ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಈ ಬ್ಯಾಡ್ಜ್ ಪಡೆದ ಮಹಿಳೆಯರು ಒಟ್ಟು ಮೂರೇ ಜನ.

1936ರಲ್ಲಿ ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ, ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಸೇರಿದರು. ಮೊದಲಿಗೆ ಕೊಟ್ಟ ಕೆಲಸ ಎಂಜಿನ್ ಕೈಪಿಡಿ ಬರೆಯೋದು. ಎಂಜಿನ್ ಬಿಚ್ಚಬೇಕಾದ ಕೈಗೆ ಪೆನ್ನು ಹಿಡಿಸಿದರೆ ಹೇಗಿರುತ್ತೆ ಹೇಳಿ! ಬೇಗನೇ ಎಂಜಿನ್ ವಿಭಾಗಕ್ಕೆ ಬಂದು ಕಾರ್ಬ್ಯುರೇಟರ್ ಕೆಲಸದಲ್ಲಿ ನೆಲೆಯಾದರು. ಅದೇ ಸಂಸ್ಥೆಯಲ್ಲಿದ್ದ ಜಾರ್ಜ್ ನೇಲರ್ ಜೊತೆ 1938ರಲ್ಲಿ ಮದುವೆಯಾಯಿತು. ನೀನೂ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗೋಲ್ಡ್ ಸ್ಟಾರ್ ತಗೋ, ಆಮೇಲೆ ಮದುವೆ ಅಂತ ಷರತ್ತು ಹಾಕಿದ್ದರು ಅನ್ನೋದು ಜನ ಹೇಳೋ ಕಥೆ. ಕಥೆ ನಿಜವೋ ಸುಳ್ಳೋ, ಜಾರ್ಜ್ ಗೋಲ್ಡ್ ಸ್ಟಾರ್ ತಗೊಂಡದ್ದಂತೂ ನಿಜ.

ಮದುವೆಯಾದ ಹೆಂಗಸರು ಸರ್ಕಾರಿ ನೌಕರಿ ಬಿಡಬೇಕು ಅನ್ನೋ ನಿಯಮ ಬ್ರಿಟನ್ನಿನಲ್ಲಿ 1946ರವರೆಗೂ ಇತ್ತು. ವಿನಾಯಿತಿ ಸಿಗುತ್ತಿದ್ದದ್ದು ಅಪರೂಪಕ್ಕೆ. ಬಿಯಾಟ್ರಿಸ್ ಮದುವೆಯಾದರು, ಕೆಲಸದಲ್ಲೂ ಉಳಿದರು. ಉಳಿಯದೇ ಹೋಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ಮೂಗು ಕೆಳಗೆ ಮಾಡಿದರೆ ಎಂಜಿನ್ ಬಂದ್

ಯುದ್ಧ ಶುರುವಾಯಿತು. ಬ್ರಿಟನ್ನಿನ ಎರಡು ಮುಖ್ಯ ಫೈಟರ್ ವಿಮಾನಗಳಾದ ಸ್ಪಿಟ್‌ಫೈರ್ ಮತ್ತು ಹರಿಕೇನ್ ಎರಡಕ್ಕೂ ಒಂದೇ ಎಂಜಿನ್: ರೋಲ್ಸ್ ರಾಯ್ಸ್ ಮೆರ್ಲಿನ್. 27 ಲೀಟರಿನ ವಿ12, ಸೂಪರ್‌ಚಾರ್ಜರ್ ಸಮೇತ. ಒಳ್ಳೇ ಎಂಜಿನ್, ಆದ್ರೆ ಅದಕ್ಕೊಂದು ಕಾಯಿಲೆ. ಪೈಲಟ್ ವಿಮಾನದ ಮೂಗನ್ನು ಥಟ್ಟನೆ ಕೆಳಗೆ ತಳ್ಳಿದರೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು.

ಯಾಕೆ? ಕೆಎಸ್‌ಆರ್‌ಟಿಸಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಹಂಪ್ ದಾಟಿದವರಿಗೆ ಇದು ಗೊತ್ತು. ಒಂದು ಕ್ಷಣ ಹೊಟ್ಟೆ ಬಾಯಿಗೆ ಬರುತ್ತೆ, ನಾವು ಸೀಟಿನಿಂದ ಮೇಲೆ ಹಾರುತ್ತೇವೆ. ಅದೇ ನೆಗೆಟಿವ್ ಜಿ. ವಿಮಾನದಲ್ಲಿ ಪೈಲಟ್ ಜೊತೆ ಕಾರ್ಬ್ಯುರೇಟರಿನ ಒಳಗಿನ ಪೆಟ್ರೋಲೂ ಮೇಲಕ್ಕೆ ಹಾರುತ್ತೆ.

ಮೆರ್ಲಿನ್ನಿನ ಕಾರ್ಬ್ಯುರೇಟರ್ ಫ್ಲೋಟ್ ಇರುವಂಥದ್ದು. ಮನೆಯ ಓವರ್‌ಹೆಡ್ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ದೀರಲ್ಲ, ಅದೇ ತತ್ವ. ಪೆಟ್ರೋಲ್ ಏರಿದರೆ ಫ್ಲೋಟ್ ಏರಿ ವಾಲ್ವ್ ಮುಚ್ಚುತ್ತೆ, ಇಳಿದರೆ ವಾಲ್ವ್ ತೆರೆಯುತ್ತೆ. ನೆಗೆಟಿವ್ ಜಿ ಬಂದಾಗ ಕಾಯಿಲೆ ಎರಡು ಹಂತದಲ್ಲಿ ಬರುತ್ತಿತ್ತು.

ಮೊದಲ ಹಂತದಲ್ಲಿ ಪೆಟ್ರೋಲ್ ಚೇಂಬರಿನ ಮೇಲ್ಭಾಗಕ್ಕೆ ಹೋಗುತ್ತೆ. ಜೆಟ್‌ಗಳಿರೋದು ತಳದಲ್ಲಿ. ಅವಕ್ಕೆ ಪೆಟ್ರೋಲ್ ಸಿಗೋದಿಲ್ಲ, ಮಿಶ್ರಣ ತೆಳುವಾಗಿ ಎಂಜಿನ್ ಒಂದು ಕ್ಷಣ ತಡವರಿಸುತ್ತೆ.

ಎರಡನೇ ಹಂತ ಇನ್ನೂ ಕೆಟ್ಟದ್ದು. ಪೆಟ್ರೋಲ್ ಮೇಲೆ ಹೋದರೆ, ಅದಕ್ಕಿಂತ ಹಗುರಾದ ಫ್ಲೋಟ್ ತಳಕ್ಕೆ ಹೋಗುತ್ತೆ. ಫ್ಲೋಟ್ ತಳದಲ್ಲಿದೆ ಅಂದ್ರೆ ಚೇಂಬರ್ ಖಾಲಿ ಅಂತ ವಾಲ್ವಿನ ಲೆಕ್ಕ. ಅದು ಪೂರ್ತಿ ಬಾಯಿ ತೆರೆಯುತ್ತೆ. ಪಂಪು ತನ್ನ ಶಕ್ತಿಯೆಲ್ಲ ಹಾಕಿ ಪೆಟ್ರೋಲ್ ನೂಕುತ್ತೆ. ಚೇಂಬರ್ ತುಂಬಿ ತುಳುಕಿ, ಸೂಪರ್‌ಚಾರ್ಜರಿಗೂ ಪೆಟ್ರೋಲ್ ನುಗ್ಗಿ, ಮಿಶ್ರಣ ಅತಿಯಾಗಿ ದಪ್ಪಗಾಗಿ, ಕರಿಹೊಗೆ ಕಾರುತ್ತಾ ಎಂಜಿನ್ ಮುಳುಗಿಹೋಗುತ್ತೆ. ಮತ್ತೆ ಚೇತರಿಸಿಕೊಳ್ಳೋಕೆ ಕೆಲವು ಸೆಕೆಂಡು ಬೇಕು. ಶತ್ರು ಬೆನ್ನ ಹಿಂದೆ ಇರುವಾಗ ಆ ಕೆಲವು ಸೆಕೆಂಡು ಯಾರ ಹತ್ತಿರ ಇರುತ್ತೆ?

ಎದುರಾಳಿ ಮೆಸ್ಸರ್‌ಶ್ಮಿಟ್ 109ಕ್ಕೆ ಈ ಕಾಯಿಲೆ ಇರ್ಲಿಲ್ಲ. ಅದರ ಡೈಮ್ಲರ್ ಬೆನ್ಜ್ ಎಂಜಿನ್ನಿಗೆ ಕಾರ್ಬ್ಯುರೇಟರೇ ಇಲ್ಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಇಂಜೆಕ್ಷನ್ ಪಂಪು. ಈ ಪಂಪಿನ ಮೂಲ ಡೀಸೆಲ್ ಎಂಜಿನ್ನು. ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಶುರುಮಾಡಿದ ಡೀಸೆಲ್ ಪಂಪಿನ ಅನುಭವವೇ ಮುಂದೆ ವಿಮಾನದ ಪೆಟ್ರೋಲ್ ಇಂಜೆಕ್ಷನ್ನಿಗೆ ದಾರಿ ಮಾಡಿತು. ನಮ್ಮ ಜೀಪಿನ ಪಂಪೂ ಇದೇ ವಂಶದ್ದು. ಪಂಪು ಅಳೆದು ಒತ್ತಿ ಕೊಡುವಾಗ ಮೇಲೆ ಯಾವುದು ಕೆಳಗೆ ಯಾವುದು ಅನ್ನೋ ಚಿಂತೆ ಇಲ್ಲ. ಜರ್ಮನ್ ಪೈಲಟ್ ಮೂಗು ಕೆಳಗೆ ತಳ್ಳಿ ನೇರ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದ. ಬೆನ್ನಟ್ಟುವ ಬ್ರಿಟಿಷ್ ಪೈಲಟ್ ಮೊದಲು ವಿಮಾನವನ್ನು ಮಗುಚಿ, ತಲೆಕೆಳಗಾಗಿ, ಆಮೇಲೆ ಧುಮುಕಬೇಕು. ಅಷ್ಟರಲ್ಲಿ ಎದುರಾಳಿ ದೂರ. ಬ್ರಿಟಿಷ್ ಪೈಲಟ್ಟೇ ತಪ್ಪಿಸಿಕೊಳ್ಳಬೇಕಾದ ಸಂದರ್ಭ ಬಂದರಂತೂ ಇನ್ನೂ ಅಪಾಯ.

ಹಾಗಾದ್ರೆ ರೋಲ್ಸ್ ರಾಯ್ಸ್‌ನವರು ದಡ್ಡರಾ? ಖಂಡಿತ ಅಲ್ಲ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಸೂಪರ್‌ಚಾರ್ಜರಿಗೆ ಹೋಗೋ ಮೊದಲೇ ಆವಿಯಾಗುತ್ತೆ. ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತೆ. ತಂಪು ಗಾಳಿ ಅಂದ್ರೆ ದಟ್ಟ ಗಾಳಿ, ದಟ್ಟ ಗಾಳಿ ಅಂದ್ರೆ ಹೆಚ್ಚು ಶಕ್ತಿ. ಆ ಲಾಭಕ್ಕಾಗಿ ಅವರು ತಿಳಿದೇ ಕಾರ್ಬ್ಯುರೇಟರ್ ಆರಿಸಿಕೊಂಡಿದ್ದರು. ಪ್ರತಿ ಆಯ್ಕೆಗೂ ಒಂದು ಬೆಲೆ ಇರುತ್ತೆ. ಇಲ್ಲಿ ಆ ಬೆಲೆ ತೆರುತ್ತಿದ್ದವರು ಇಪ್ಪತ್ತರ ಆಸುಪಾಸಿನ ಪೈಲಟ್‌ಗಳು. ಹೆಚ್ಚುಕಮ್ಮಿ ನಮ್ಮ ವಯಸ್ಸಿನವರೇ.

ತೂತಿನ ಲೆಕ್ಕ

1940ರಲ್ಲಿ ಪೈಲಟ್‌ಗಳ ದೂರು ಹೆಚ್ಚಾಯಿತು. ಸೆರೆ ಸಿಕ್ಕ ಒಂದು ಮೆಸ್ಸರ್‌ಶ್ಮಿಟ್ ಅನ್ನು ಫಾರ್ನ್‌ಬರೋದಲ್ಲೇ ಹಾರಿಸಿ ಹೋಲಿಸಿ ನೋಡಿದ್ದೂ ಆಯಿತು. ಪೂರ್ತಿ ಪರಿಹಾರ ಅಂದ್ರೆ ಫ್ಲೋಟೇ ಇಲ್ಲದ ಹೊಸ ಬಗೆಯ ಕಾರ್ಬ್ಯುರೇಟರ್. ಅದನ್ನು ವಿನ್ಯಾಸ ಮಾಡಿ, ಪರೀಕ್ಷಿಸಿ, ಕಾರ್ಖಾನೆಯಲ್ಲಿ ತಯಾರಿಸಿ, ಎಲ್ಲ ವಿಮಾನಕ್ಕೂ ಹಾಕೋಕೆ ವರ್ಷಗಳೇ ಬೇಕು. ಆದ್ರೆ ವಿಮಾನಗಳು ಇವತ್ತು ಮಧ್ಯಾಹ್ನವೇ ಹಾರಬೇಕು.

ಬಿಯಾಟ್ರಿಸ್ ಕಾಯಿಲೆಯ ಎರಡು ಹಂತವನ್ನೂ ಬೇರೆ ಬೇರೆಯಾಗಿ ನೋಡಿದರು. ಮೊದಲನೇ ತಡವರಿಕೆ ಒಂದು ಕ್ಷಣದ್ದು, ಅದನ್ನು ಪೈಲಟ್ ಸಹಿಸಿಕೊಳ್ಳಬಹುದು. ಎಂಜಿನ್ನನ್ನು ಮುಳುಗಿಸೋದು ಎರಡನೇ ಹಂತದ ಪ್ರವಾಹ. ಆ ಪ್ರವಾಹಕ್ಕೆ ಕಾರಣ, ಎಂಜಿನ್ನಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಪೆಟ್ರೋಲ್ ಕೊಡುವ ತಾಕತ್ತು ಪಂಪಿಗೆ ಇರೋದು. ಮಾಮೂಲಿ ಹಾರಾಟದಲ್ಲಿ ಫ್ಲೋಟ್ ವಾಲ್ವ್ ಅದನ್ನು ತಡೆದಿರುತ್ತೆ. ವಾಲ್ವ್ ಮೋಸಹೋದಾಗ ತಡೆಯೋರು ಯಾರೂ ಇಲ್ಲ. ಹಾಗಾದ್ರೆ ಕಾರ್ಬ್ಯುರೇಟರಿಗೆ ಹೋಗುವ ಪೆಟ್ರೋಲ್ ದಾರಿಯಲ್ಲೇ ಒಂದು ಕಿರಿದಾದ ತೂತು ಇಟ್ಟುಬಿಟ್ಟರೆ? ಎಂಜಿನ್ ತನ್ನ ಪೂರ್ತಿ ಶಕ್ತಿಯಲ್ಲಿ ಓಡುವಾಗ ಎಷ್ಟು ಕುಡಿಯುತ್ತೋ ಅಷ್ಟು ಮಾತ್ರ ಆ ತೂತಿನಲ್ಲಿ ಹೋಗಬೇಕು. ಆಗ ವಾಲ್ವ್ ಎಷ್ಟೇ ಬಾಯಿ ತೆರೆದರೂ ಪ್ರವಾಹ ಬರೋದಿಲ್ಲ.

ಇಷ್ಟೇನಾ ಅನಿಸಬಹುದು. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ನಾವೂ ಆರಿಫೈಸ್ ಮೀಟರ್ ಪ್ರಯೋಗ ಮಾಡಿದ್ದೇವಲ್ಲ: ಹರಿವು ತೂತಿನ ವಿಸ್ತೀರ್ಣಕ್ಕೂ, ಒತ್ತಡದ ವ್ಯತ್ಯಾಸದ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತೆ. ಆದ್ರೆ ಇಲ್ಲಿ ತೂತು ಸ್ವಲ್ಪ ದೊಡ್ಡದಾದರೆ ಪ್ರವಾಹ ನಿಲ್ಲೋದಿಲ್ಲ. ಸ್ವಲ್ಪ ಚಿಕ್ಕದಾದರೆ ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಾಲದೆ, ಮಿಶ್ರಣ ತೆಳುವಾಗಿ, ನಾಕಿಂಗ್ ಶುರುವಾಗಿ ಪಿಸ್ಟನ್ನೇ ಹಾಳಾಗಬಹುದು. ಅದೂ ಪೈಲಟ್ ಜೀವ ಕೈಯಲ್ಲಿ ಹಿಡಿದು ಪೂರ್ತಿ ಶಕ್ತಿ ಕೇಳುವ ಗಳಿಗೆಯಲ್ಲೇ.

ಪೂರ್ತಿ ಶಕ್ತಿ ಅಂದ್ರೆ ಎಷ್ಟು ಅನ್ನೋದೂ ಒಂದೇ ಕಡೆ ನಿಂತಿರ್ಲಿಲ್ಲ. 1940ರಲ್ಲಿ 100 ಆಕ್ಟೇನ್ ಪೆಟ್ರೋಲ್ ಬಂದ ಮೇಲೆ ಮೆರ್ಲಿನ್ನಿನ ಬೂಸ್ಟ್ ಮಿತಿಯನ್ನು 6¼ ಪಿಎಸ್‌ಐನಿಂದ ತುರ್ತು ಬಳಕೆಗೆ 12 ಪಿಎಸ್‌ಐಗೆ ಏರಿಸಿದ್ದರು. ಈ ಅಂಕಿಗಳು ಸಮುದ್ರ ಮಟ್ಟದ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಅನ್ನೋ ಲೆಕ್ಕ. ಅದಕ್ಕೆ 14.7 ಸೇರಿಸಿದರೆ ಮ್ಯಾನಿಫೋಲ್ಡಿನ ನಿಜವಾದ ಒತ್ತಡ ಸುಮಾರು 21ರಿಂದ 26.7ಕ್ಕೆ ಏರಿತು, ಅಂದ್ರೆ ಶೇಕಡಾ 27ರಷ್ಟು ಹೆಚ್ಚು. ಮೆರ್ಲಿನ್ 3ರ ಗರಿಷ್ಠ ಶಕ್ತಿ 1030 ಎಚ್‌ಪಿಯಿಂದ 1310 ಎಚ್‌ಪಿಗೆ ಹೋಯಿತು. ಭಾಗಿಸಿ ನೋಡಿ, ಅದೂ ಶೇಕಡಾ 27. ಎರಡು ಅಂಕಿ ಅಳೆದ ಎತ್ತರ ಬೇರೆ ಬೇರೆ, ಆದ್ರೂ ವಿಷಯ ಅರ್ಥ ಆಗುತ್ತೆ: ಗಾಳಿ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚಬೇಕು, ತೂತಿನ ವಿಸ್ತೀರ್ಣವೂ ಹೆಚ್ಚಬೇಕು. ವಿಸ್ತೀರ್ಣ ಶೇಕಡಾ 27 ಹೆಚ್ಚೋಕೆ ವ್ಯಾಸ ಶೇಕಡಾ 13ರಷ್ಟು ಹೆಚ್ಚಿದರೆ ಸಾಕು. ಬರಿಗಣ್ಣಿಗೆ ಸುಲಭವಾಗಿ ಕಾಣದ ವ್ಯತ್ಯಾಸ ಅದು. ಅದಕ್ಕೇ ಈ ತುಂಡುಗಳನ್ನು ಬೂಸ್ಟ್ ಒತ್ತಡಕ್ಕೆ ತಕ್ಕಂತೆ ಎರಡು ಅಳತೆಯಲ್ಲಿ ಮಾಡಿದರು: 12 ಪಿಎಸ್‌ಐ ಎಂಜಿನ್ನಿಗೆ ಒಂದು, ಅದಕ್ಕೂ ಹೆಚ್ಚು ಬೂಸ್ಟ್ ಇರುವ ಎಂಜಿನ್ನಿಗೆ ಇನ್ನೊಂದು.

ನಮ್ಮ ಜೀಪಿನ ಬೂಸ್ಟ್ ಲೈನ್ ಮಾಡೋ ಕೆಲಸವೂ ಇದೇ. ಗಾಳಿ ಎಷ್ಟಿದೆ ಅಂತ ನೋಡಿ ಇಂಧನದ ಮಿತಿ ಬದಲಿಸೋದು. ಡಯಾಫ್ರಮ್ ಅದನ್ನು ಪ್ರತಿ ಕ್ಷಣವೂ ತಾನೇ ಮಾಡಿಕೊಳ್ಳುತ್ತೆ. ಹಿತ್ತಾಳೆ ತುಂಡಿಗೆ ಆ ಬುದ್ಧಿ ಇಲ್ಲ. ಅದರ ಬದಲು ಲೆಕ್ಕವನ್ನು ಮೊದಲೇ ಒಬ್ಬರು ಮಾಡಿ ತೂತಿನ ಅಳತೆಯಲ್ಲಿ ಬರೆದಿಡಬೇಕಿತ್ತು.

ಏರ್‌ಫೀಲ್ಡಿನಿಂದ ಏರ್‌ಫೀಲ್ಡಿಗೆ

ಮೊದಲು ಮಾಡಿದ ತುಂಡು ದರ್ಜಿಯ ಬೆರಳುಟೋಪಿಯ ಆಕಾರದ ಹಿತ್ತಾಳೆ ಬಟ್ಟಲು, ನಡುವೆ ತೂತು. ಆಮೇಲೆ ಅದನ್ನೂ ಸರಳ ಮಾಡಿ ಚಪ್ಪಟೆ ವಾಷರಿನಂಥ ಬಿಲ್ಲೆ ಮಾಡಿದರು. ಈ ವಿನ್ಯಾಸದ ದೊಡ್ಡ ಗುಣ ಅಂದ್ರೆ, ಇದನ್ನು ಹಾಕೋಕೆ ವಿಮಾನವನ್ನು ಕೆಲಸದಿಂದ ಹೊರಗಿಡಬೇಕಾಗಿರ್ಲಿಲ್ಲ. ಎಂಜಿನ್ ಇಳಿಸಬೇಕಿಲ್ಲ, ಕಾರ್ಖಾನೆಗೆ ಕಳಿಸಬೇಕಿಲ್ಲ. ಏರ್‌ಫೀಲ್ಡಿನಲ್ಲೇ ಪೆಟ್ರೋಲ್ ಲೈನ್ ಬಿಚ್ಚಿ, ಬಿಲ್ಲೆ ಕೂರಿಸಿ, ಮತ್ತೆ ಬಿಗಿದರೆ ಮುಗೀತು.

ಬಿಯಾಟ್ರಿಸ್ ಡ್ರಾಯಿಂಗ್ ಕಳಿಸಿ ಕೈತೊಳೆದುಕೊಳ್ಳಲಿಲ್ಲ. 1941ರ ಆರಂಭದಲ್ಲಿ ಒಂದು ಚಿಕ್ಕ ತಂಡ ಕಟ್ಟಿಕೊಂಡು ಏರ್‌ಫೀಲ್ಡಿನಿಂದ ಏರ್‌ಫೀಲ್ಡಿಗೆ ತಾವೇ ಓಡಾಡಿ ಬಿಲ್ಲೆ ಹಾಕಿಸಿದರು. ಮಾರ್ಚ್ ಹೊತ್ತಿಗೆ ಫೈಟರ್ ಕಮಾಂಡಿನ ವಿಮಾನಗಳಿಗೆಲ್ಲ ಅದು ಸೇರಿತ್ತು. ವರ್ಕ್‌ಶಾಪಿನ ಫಿಟ್ಟರ್‌ಗಳಿಗೆ ಮೊದಮೊದಲು ಅನುಮಾನ ಇದ್ದಿರಬಹುದು. ಸ್ಪ್ಯಾನರ್ ಹಿಡಿಯೋ ರೀತಿ ನೋಡಿದ ಮೇಲೆ ಅದು ಎಷ್ಟು ಹೊತ್ತು ಉಳಿದೀತು!

ಕಾಗದದಲ್ಲಿ ಅದರ ಹೆಸರು ಆರ್‌ಎಇ ರಿಸ್ಟ್ರಿಕ್ಟರ್. ಪೈಲಟ್‌ಗಳ ಬಾಯಲ್ಲಿ ಮಾತ್ರ ಅದು ಮಿಸ್ ಶಿಲ್ಲಿಂಗ್ಸ್ ಆರಿಫೈಸ್ ಆಯಿತು. ಶಿಲ್ಲಿಂಗ್ ಅಂದ್ರೆ ಅವರ ಒಂದು ನಾಣ್ಯವೂ ಹೌದು, ಬಿಲ್ಲೆಯೂ ನಾಣ್ಯದ ಹಾಗೇ ಇತ್ತು. ಆ ಹೆಸರಿನಲ್ಲಿ ಸ್ವಲ್ಪ ಪೋಲಿತನವೂ ಇದೆ, ಕಾಲೇಜು ಪತ್ರಿಕೆಯಲ್ಲಿ ಅದನ್ನು ಬಿಡಿಸಿ ಹೇಳೋದು ಬೇಡ. ಅಸಲಿಗೆ ಅವರು ಮಿಸ್ ಕೂಡ ಅಲ್ಲ, ಮದುವೆಯಾಗಿ ಎರಡು ವರ್ಷ ದಾಟಿತ್ತು. ಗಂಡ ಜಾರ್ಜ್ ಯುದ್ಧದಲ್ಲಿ ಬಾಂಬರ್ ಪೈಲಟ್ ಆದರು. ವಿಮಾನದ ಎಂಜಿನ್ ನಡುವೆ ನಿಂತುಬಿಟ್ಟರೆ ಏನಾಗುತ್ತೆ ಅನ್ನೋದು ಬಿಯಾಟ್ರಿಸ್ ಪಾಲಿಗೆ ಬರೀ ಕಚೇರಿಯ ಫೈಲಾಗಿ ಉಳಿಯಲಿಲ್ಲ.

ಇಲ್ಲಿ ಒಂದು ತಪ್ಪು ಕಥೆಯನ್ನು ಸರಿಮಾಡಬೇಕು. ಈ ಬಿಲ್ಲೆಯೇ ಬ್ಯಾಟಲ್ ಆಫ್ ಬ್ರಿಟನ್ ಗೆದ್ದುಕೊಟ್ಟಿತು ಅಂತ ಎಷ್ಟೋ ವಿಡಿಯೊಗಳಲ್ಲಿ ಹೇಳುತ್ತಾರೆ. ಆ ಕದನ 1940ರ ಅಕ್ಟೋಬರ್ ಹೊತ್ತಿಗೇ ಮುಗಿದಿತ್ತು. ಬಿಲ್ಲೆ ಎಲ್ಲ ಕಡೆ ಸೇರಿದ್ದು ಅದಾದ ಕೆಲವು ತಿಂಗಳ ಮೇಲೆ. 1940ರ ಪೈಲಟ್‌ಗಳು ಆ ಕಾಯಿಲೆಯನ್ನು ಇಟ್ಟುಕೊಂಡೇ ಹೋರಾಡಿದರು. ಬಿಲ್ಲೆಯ ಉಪಕಾರ ಆಮೇಲೆ ಹಾರಿದವರಿಗೆ. ಇಷ್ಟು ಹೇಳಿದರೆ ಬಿಯಾಟ್ರಿಸ್ ಅವರ ಸಾಧನೆ ಏನೂ ಕಡಿಮೆಯಾಗೋದಿಲ್ಲ. ಇನ್ನೊಂದು ಮಾತು: ಬಿಲ್ಲೆ ಕಾಯಿಲೆಯನ್ನು ಪೂರ್ತಿ ವಾಸಿ ಮಾಡಲಿಲ್ಲ. ಮೊದಲ ಕ್ಷಣದ ತಡವರಿಕೆ ಹಾಗೇ ಉಳಿಯಿತು, ತಲೆಕೆಳಗಾಗಿ ಬಹಳ ಹೊತ್ತು ಹಾರೋಕೂ ಆಗ್ತಿರ್ಲಿಲ್ಲ. ಇದು ತಾತ್ಕಾಲಿಕ ಅಂತ ಎಲ್ಲರಿಗೂ ಗೊತ್ತಿತ್ತು. 1943ರಲ್ಲಿ ಫ್ಲೋಟ್ ಇಲ್ಲದ ಪ್ರೆಷರ್ ಕಾರ್ಬ್ಯುರೇಟರ್ ಬಂದಾಗ ಬಿಲ್ಲೆ ಗೌರವದಿಂದ ಜಾಗ ಬಿಟ್ಟುಕೊಟ್ಟಿತು. ಎರಡು ವರ್ಷ ಅದು ಕೆಲಸ ಮಾಡಿತ್ತು.

ಆಮೇಲೆ

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಅವರಿಗೆ ಒಬಿಇ ಗೌರವ ಕೊಟ್ಟಿತು. ಸಂಬಳದ ವಿಷಯ ಬೇರೆ. ಸರ್ಕಾರಿ ನೌಕರಿಯಲ್ಲಿ ಹೆಂಗಸರಿಗೂ ಗಂಡಸರಿಗೂ ಸಮಾನ ವೇತನ ಅಂತ ಬ್ರಿಟನ್ ಒಪ್ಪಿದ್ದು 1955ರಲ್ಲಿ, ಅದು ಪೂರ್ತಿ ಜಾರಿಯಾಗೋಕೆ 1961 ಬಂತು. ಬಿಲ್ಲೆ ಮಾಡಿದ 20 ವರ್ಷದ ಮೇಲೆ.

ಬಿಯಾಟ್ರಿಸ್ ಅದೇ ಸಂಸ್ಥೆಯಲ್ಲಿ 1969ರವರೆಗೆ, ಒಟ್ಟು 33 ವರ್ಷ ಕೆಲಸ ಮಾಡಿದರು. ಬ್ಲೂ ಸ್ಟ್ರೀಕ್ ಕ್ಷಿಪಣಿಯ ಕೆಲಸದಲ್ಲಿದ್ದರು. ಮಳೆಯಲ್ಲಿ ಒದ್ದೆಯಾದ ರನ್‌ವೇ ಮೇಲೆ ಚಕ್ರ ಜಾರಿದಾಗ ಬ್ರೇಕ್ ಹೇಗೆ ವರ್ತಿಸುತ್ತೆ ಅನ್ನೋದರ ಮೇಲೆ ಸಂಶೋಧನೆ ಮಾಡಿದರು. ಮನೆಗೆ ಬಂದರೆ ಗಂಡ ಹೆಂಡತಿ ಇಬ್ಬರೂ ಗ್ಯಾರೇಜಿನಲ್ಲಿ. ಬೈಕ್ ಬಿಟ್ಟು ಕಾರ್ ರೇಸಿಗೆ ಇಳಿದರು. 1967ರಲ್ಲಿ ಫಾರ್ಮುಲಾ ಒನ್ ಚಾಲಕ ಡ್ಯಾನ್ ಗರ್ನಿಯ ಈಗಲ್ ಕಾರು ಅತಿಯಾಗಿ ಬಿಸಿಯಾಗುವ ಸಮಸ್ಯೆ ಬಂದಾಗ ಸಲಹೆಗೆ ಕರೆದದ್ದು ಇವರನ್ನೇ. ಆಗ ವಯಸ್ಸು 58. 1990ರ ನವೆಂಬರ್ 18ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಫಾರ್ನ್‌ಬರೋದ ಒಂದು ಪಬ್ಬಿಗೆ ಟಿಲ್ಲಿ ಶಿಲ್ಲಿಂಗ್ ಅಂತ ಹೆಸರಿಟ್ಟಿದ್ದಾರೆ. ಟಿಲ್ಲಿ ಅನ್ನೋದು ಸಹೋದ್ಯೋಗಿಗಳು ಬೆನ್ನ ಹಿಂದೆ ಕರೆಯುತ್ತಿದ್ದ ಅಡ್ಡಹೆಸರು. ಎದುರಿಗೆ ಹಾಗೆ ಕರೆಯೋ ಧೈರ್ಯ ಯಾರಿಗೂ ಇರ್ಲಿಲ್ಲವಂತೆ.

ಜೀಪಿನ ಕಥೆ ಏನಾಯ್ತು ಅಂತ ಕೇಳ್ತೀರಾ? ಗೆಳೆಯನ ಮಾವ ಊರಿಗೆ ಬಂದ ವಾರದಲ್ಲೇ ಕಂಪನಿ ಪೈಪ್ ಹಾಕಿಸಿದರು. ಕೊಟ್ಟಿಗೆಹಾರದ ಹೋಸ್ ತುಂಡನ್ನು ನಾನು ಕೇಳಿ ಇಸ್ಕೊಂಡೆ. ಈಗ ನನ್ನ ಹಾಸ್ಟೆಲ್ ಮೇಜಿನ ಮೇಲಿದೆ. ಎರಡೂ ತುದಿಯಲ್ಲಿ ಕ್ಲಿಪ್ ಒತ್ತಿದ ಗುರುತು ಬಿಟ್ಟರೆ ಅದಕ್ಕೆ ಏನೂ ಆಗಿಲ್ಲ. ಎಲ್ಲೂ ಉಬ್ಬಿಲ್ಲ, ಮಡಚಿಲ್ಲ.

ಮುಂದಿನ ಸೆಮಿಸ್ಟರಿನಲ್ಲಿ ಆರಿಫೈಸ್ ಮೀಟರ್ ಪ್ರಯೋಗ ಬಂದಾಗ, ಸೀನಿಯರ್ ರೆಕಾರ್ಡ್ ಬುಕ್ಕಿನಿಂದ ರೀಡಿಂಗ್ ಕಾಪಿ ಹೊಡೆಯೋ ಮೊದಲು ಆ ಪ್ಲೇಟನ್ನು ಒಂದು ಸಲ ಕೈಯಲ್ಲಿ ಹಿಡಿದು, ವರ್ನಿಯರ್ ತಗೊಂಡು ತೂತು ಅಳೆದು ನೋಡಿ.